ಬಿಸಿ ಇಡ್ಲಿ ನಿಮ್ಮ ತಟ್ಟೆಗೂ ಬರಲಿ

ಒಂದು ಸಣ್ಣ ಪ್ರಶ್ನೆ. ಇವತ್ತು ಬೆಳಿಗ್ಗೆ ನೀವು ತಿಂಡಿ ತಿಂದದ್ದು ಎಷ್ಟು ಗಂಟೆಗೆ? ಕೂತು ತಿಂದಿರೋ, ಅಡುಗೆಕಟ್ಟೆಗೆ ಒರಗಿ ನಿಂತೇ ತಿಂದಿರೋ? ಅದು ಬಿಸಿ ಇತ್ತಾ?

ಉತ್ತರ ಗಟ್ಟಿಯಾಗಿ ಹೇಳಬೇಕಿಲ್ಲ. ನನಗೂ ಗೊತ್ತು, ನಿಮಗೂ ಗೊತ್ತು. ಮಕ್ಕಳಿಗೆ ಸ್ಕೂಲ್ ವ್ಯಾನ್ ಬರೋದ್ರೊಳಗೆ ಆಗಬೇಕು. ಮನೆಯವರಿಗೆ ಎಂಟೂವರೆಗೆ ಡಬ್ಬಿ ರೆಡಿ ಇರಬೇಕು. ಮಾವನವರಿಗೆ ಮೆತ್ತಗಿರಬೇಕು, ಮಗನಿಗೆ ಗರಿಗರಿ ಇರಬೇಕು. ಇದೆಲ್ಲ ಮುಗಿದು, ಪಾತ್ರೆ ತೊಳೆಯೋಕೆ ಹಾಕಿ, ನೀರು ಬಿಟ್ಟಾಗ ಡ್ರಮ್ ತುಂಬಿಸಿ, ಉಸ್ಸಪ್ಪಾ ಅಂತ ಕೂರುವಾಗ ಗಡಿಯಾರ ಹತ್ತೂವರೆ ತೋರಿಸ್ತಾ ಇರುತ್ತೆ. ಆಗ ನಮಗೆ ಸಿಗೋದೇನು? ಹೆಂಚಿಗೆ ಅಂಟಿಕೊಂಡು ಹರಿದ ಮೊದಲ ದೋಸೆ, ಬಾಣಲೆ ತಳದ ಉಪ್ಪಿಟ್ಟು, ಮಗಳು ಅರ್ಧ ಬಿಟ್ಟ ಚಪಾತಿ. 'ಬಿಸಾಕೋಕೆ ಮನಸ್ಸು ಬರಲ್ಲ' ಅಂತ ಅದನ್ನೇ ತಿಂದು, ಆರಿದ ಕಾಫಿ ಮತ್ತೆ ಬಿಸಿ ಮಾಡಿ ಕುಡಿದರೆ ನಮ್ಮ ತಿಂಡಿ ಮುಗೀತು.

ಹೀಗೇ ನಡ್ಕೊಂಡು ಹೋಗಲಿ ಬಿಡಿ ಅಂತ ನಾನೂ ಅಂದುಕೊಂಡಿದ್ದೆ. ನಮ್ಮತ್ತೆ ಅಡುಗೆಮನೆಯಲ್ಲಿ ಕುಸಿದು ಬೀಳುವ ತನಕ.

ಮಾತ್ರೆ ಎಂಟಕ್ಕೆ, ತಿಂಡಿ ಹತ್ತೂವರೆಗೆ!

ನಮ್ಮತ್ತೆಗೆ ಈಗ ಅರವತ್ತಾರು. ಕುಣಿಗಲ್ ಕಡೆಯ ಹಳ್ಳಿಯವರು. ಮದುವೆಯಾಗಿ ತುಮಕೂರಿಗೆ ಬಂದು ನಲವತ್ತೈದು ವರ್ಷ ಆಯ್ತು. ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಪ್ಪಿಸೋರಲ್ಲ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನುಂಗುತ್ತಾರೆ. ಆದರೆ ತಿಂಡಿ? 'ಎಲ್ಲರದ್ದೂ ಆಗ್ಲಿ, ನಂದೇನು ಅವಸರ' ಅನ್ನೋದು ಅವರ ಅಭ್ಯಾಸ.

ಎರಡು ವರ್ಷದ ಹಿಂದೆ ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಚಟ್ನಿಗೆ ಕಾಯಿ ತುರೀತಾ ಇದ್ದವರು ಸುಮ್ಮನೆ ಪಕ್ಕಕ್ಕೆ ವಾಲಿದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಕೂಡಲೇ ಆಟೋ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಪರೀಕ್ಷೆ ಮಾಡಿ, "ಸಕ್ಕರೆ ತೀರಾ ಇಳಿದುಬಿಟ್ಟಿದೆ. ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ತಿಂಡಿ ತಿಂತಾರೆ ಇವರು?" ಅಂತ ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆದೆ, ಉತ್ತರ ಬರಲಿಲ್ಲ. ಮಾವನವರು ಎಷ್ಟು ಗಂಟೆಗೆ ತಿಂತಾರೆ ಅಂದರೆ ಹೇಳ್ತಿದ್ದೆ. ಮಗನಿಗೆ ಯಾವ ಚಟ್ನಿ ಸೇರಲ್ಲ ಅಂದರೂ ಹೇಳ್ತಿದ್ದೆ. ಹದಿಮೂರು ವರ್ಷ ಒಂದೇ ಅಡುಗೆಮನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೆಲಸ ಮಾಡಿದ ಅತ್ತೆ ಯಾವಾಗ ತಿಂತಾರೆ ಅಂತ ನಾನು ಗಮನಿಸಿಯೇ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕೂಡ ಕಡಿಮೆ ಅಂತ ಗೊತ್ತಾಯ್ತು.

ಇದು ನಮ್ಮ ಮನೆಯೊಂದರ ಕಥೆ ಅಲ್ಲ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ನಿಮ್ಮ ಬೀದಿಯ ಹತ್ತು ಮನೆಯ ಗೃಹಿಣಿಯರನ್ನು ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ ಐವರು! ಇದಕ್ಕೆ ಕಾರಣಗಳು ಹಲವು ಇವೆ. ಆದರೆ ಹೊತ್ತಿಗೆ ಸರಿಯಾಗಿ ತಿನ್ನದೆ, ಮಿಕ್ಕಿದ್ದನ್ನು ತಿಂದು, ಕಾಫಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ನಮ್ಮ ಚಾಳಿಯೂ ಅದಕ್ಕೆ ಕೈಜೋಡಿಸುತ್ತೆ.

ಡಾಕ್ಟರು ಹೇಳಿದ ಮೇಲೆ ಅತ್ತೆ ಹತ್ತು ದಿನ ಎಂಟೂವರೆಗೇ ತಿಂದರು. ಹನ್ನೊಂದನೇ ದಿನದಿಂದ ಮತ್ತೆ ಅದೇ ರಾಗ. "ನೀವ್ ತಿನ್ರಿ ಮೊದ್ಲು, ನಂಗೇನೂ ಆಗಿಲ್ಲ."

ಗ್ಯಾಸ್ ಮುಗಿದ ದಿನ

ಆಮೇಲೆ ಮಾಘದಲ್ಲಿ ಒಂದು ದಿನ. ಎಲ್ಲರದ್ದೂ ಆಗಿತ್ತು, ಎಲ್ಲರೂ ಹೊರಟಿದ್ದರು. ಮಾವನವರು ತಿಂಡಿ ಮುಗಿಸಿ ಪೇಪರ್ ಹಿಡಿದು ಕೂತಿದ್ದರು. ನಮ್ಮಿಬ್ಬರ ಪಾಲಿನ ಇಡ್ಲಿ ಒಲೆ ಮೇಲೆ ಇಟ್ಟು ಎರಡು ನಿಮಿಷ ಆಗಿರಲಿಲ್ಲ, ಗ್ಯಾಸ್ ಖಾಲಿ! ಅಷ್ಟೂ ಜನರ ಡಬ್ಬಿ ತುಂಬುವ ತನಕ ಉರಿದ ಒಲೆ, ನಮ್ಮ ಸರದಿ ಬಂದಾಗಲೇ ಆರಿತ್ತು. ಇನ್ನೊಂದು ಸಿಲಿಂಡರ್ ಬುಕ್ ಮಾಡಿದ್ದರೂ ಬಂದಿರಲಿಲ್ಲ.

ಅತ್ತೆ ಆಗಲೇ ಮಾತ್ರೆ ನುಂಗಿದ್ದರು. ನನಗೆ ಆಸ್ಪತ್ರೆಯ ದಿನ ಕಣ್ಣ ಮುಂದೆ ಬಂತು. "ಅತ್ತೆ, ಸೀರೆ ಬದಲಾಯಿಸಿ. ಹೋಟೆಲಿಗೆ ಹೋಗೋಣ" ಅಂದೆ.

"ಅಯ್ಯೋ, ಹೋಟೆಲಿಗಾ? ನಾವಿಬ್ಬರೇ ಹೆಂಗಸ್ರಾ? ಎರಡು ಬಾಳೆಹಣ್ಣು ಇದೆಯಲ್ಲ, ಸಾಕು ಕಣೆ."

ಮಾವನವರು ಪೇಪರ್ ಇಳಿಸಿ ನೋಡಿದರು, ಏನೂ ಹೇಳಲಿಲ್ಲ. ನಾನು ಕೈ ಹಿಡಿದು ಹೊರಡಿಸಿಕೊಂಡೇ ಹೋದೆ.

ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಹಳೇ ಹೋಟೆಲ್ ಇದೆ. ಹೊರಗೆ ನಿಂತು ನೋಡಿದರೆ ಒಳಗೆ ಹೋಗೋಕೆ ಮನಸ್ಸಾಗದು. ಬಣ್ಣ ಮಾಸಿದ ಬೋರ್ಡು, ಒಳಗೆ ಕಡಪ ಕಲ್ಲಿನ ಮೇಜು, ನಾಲ್ಕು ಕಾಲೂ ಸಮ ಇರದ ಮರದ ಕುರ್ಚಿ. ಗಲ್ಲಾ ಮೇಲೆ ದೇವರ ಪಟ, ಮಲ್ಲಿಗೆ ಹೂ, ಊದುಬತ್ತಿ. ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದ ಅಕ್ಷರ: ತಟ್ಟೆ ಇಡ್ಲಿ, ವಡೆ, ಖಾಲಿ ದೋಸೆ, ಪೂರಿ ಸಾಗು, ಕೇಸರಿಬಾತ್. ಮೆನು ಕಾರ್ಡೂ ಇಲ್ಲ, ಏಸಿಯೂ ಇಲ್ಲ. ಆದರೆ ಒಳಗಿಂದ ಬರ್ತಿತ್ತಲ್ಲ ಆ ಹಬೆ, ಕಾಯಿ ಚಟ್ನಿಯ ಆ ಘಮ!

ಸಪ್ಲೈಯರ್ ಬಂದು "ಅಮ್ಮಾ, ಏನ್ ಕೊಡ್ಲಿ?" ಅಂತ ಅತ್ತೆಯನ್ನೇ ಕೇಳಿದ. ಅತ್ತೆ ನನ್ನ ಮುಖ ನೋಡಿದರು. ಏನು ಬೇಕು ಅಂತ ಅವರನ್ನು ಬೆಳಿಗ್ಗೆ ಹೊತ್ತು ಯಾರಾದರೂ ಕೇಳಿ ಎಷ್ಟು ವರ್ಷ ಆಗಿತ್ತೋ!

ಎರಡು ನಿಮಿಷದಲ್ಲಿ ಎರಡು ಪ್ಲೇಟ್ ಬಂತು. ಅಂಗೈಗಿಂತ ಅಗಲದ ತಟ್ಟೆ ಇಡ್ಲಿ, ಮೇಲೆ ಕರಗ್ತಾ ಇದ್ದ ಒಂದು ಚೂರು ಬೆಣ್ಣೆ, ಪಕ್ಕದಲ್ಲಿ ಹಸಿರು ಚಟ್ನಿ. ಅತ್ತೆ ಅಭ್ಯಾಸಬಲದಲ್ಲಿ ತಮ್ಮ ಪ್ಲೇಟನ್ನು ನನ್ನ ಕಡೆ ತಳ್ಳಿ, "ನೀನ್ ತಿನ್ನು, ನಂಗೆ ಆಮೇಲೆ" ಅಂದರು.

"ಅತ್ತೆ, ಇಲ್ಲಿ ಆಮೇಲೆ ಅನ್ನೋದೇ ಇಲ್ಲ. ಎರಡೂ ಒಟ್ಟಿಗೇ ಬಂದಿದೆ" ಅಂದೆ.

ಅವರು ಒಂದು ತುತ್ತು ಮುರಿದರು. ಬೆರಳು ಸುಟ್ಟಿತು ಅಂತ ಕಾಣುತ್ತೆ, ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು ನಕ್ಕರು. ಮತ್ತೆ ಮುರಿದು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ:

"ಎಷ್ಟು ಸಾವಿರ ಇಡ್ಲಿ ಬೇಯಿಸಿದ್ದೀನೋ ಲೆಕ್ಕ ಇಲ್ಲ. ಹಬೆ ಆಡೋ ಇಡ್ಲಿನ ಕೂತ್ಕೊಂಡು ತಿಂದಿದ್ದು ಇದೇ ಮೊದಲು ಕಣೆ."

ಪರದೆ ಹಿಂದಿನ ಫ್ಯಾಮಿಲಿ ರೂಮು

ನಮ್ಮ ಅತ್ತೆ, ಅಮ್ಮಂದಿರ ತಲೆಮಾರಿಗೆ ಹೋಟೆಲ್ ಅಂದರೆ ಯಾಕೆ ಸಂಕೋಚ ಗೊತ್ತಾ? ಹೋಟೆಲ್ ಅನ್ನೋದು ಬಹುಕಾಲ ಗಂಡಸರ ಜಾಗವೇ ಆಗಿತ್ತು. ಕೋರ್ಟ್ ಕೆಲಸಕ್ಕೆ, ಸಂತೆಗೆ, ಮಂಡಿಗೆ ಬಂದವರು ಅಲ್ಲಿ ಕೂತು ತಿಂಡಿ ತಿಂದು ಲೋಕದ ಸುದ್ದಿ ಮಾತಾಡಿ ಹೋಗುತ್ತಿದ್ದರು. ಅದಕ್ಕೂ ಹಿಂದೆ ಎಲ್ಲ ಜಾತಿಯ ಗಂಡಸರಿಗೂ ಒಂದೇ ಕಡೆ ಕೂರುವ ಅವಕಾಶ ಇರಲಿಲ್ಲ, 'ಬ್ರಾಹ್ಮಣರಿಗೆ ಮಾತ್ರ' ಅನ್ನುವ ಬೋರ್ಡುಗಳು ಹಳೇ ಹೋಟೆಲುಗಳಲ್ಲಿ ಇದ್ದವು. ಆ ಬೋರ್ಡುಗಳು ಇಳಿದವು. ಹೆಂಗಸರ ಪಾಲಿಗೆ ಮಾತ್ರ ಒಂದು ಪರದೆ ಉಳಿದುಕೊಂಡಿತು. ಅದೇ 'ಫ್ಯಾಮಿಲಿ ರೂಮ್'!

ನನ್ನ ತವರು ಗುಬ್ಬಿ. ಗುಬ್ಬಿ ಅಂದರೆ ಎಲ್ಲರಿಗೂ ನೆನಪಾಗೋದು 1884ರಲ್ಲಿ ಶುರುವಾದ ನಾಟಕ ಕಂಪನಿ, ಗುಬ್ಬಿ ವೀರಣ್ಣನವರು. ನನಗೆ ಮಾತ್ರ ನೆನಪಾಗೋದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲು. ನಾನು ಚಿಕ್ಕವಳಿದ್ದಾಗ ಚನ್ನಬಸವೇಶ್ವರ ಸ್ವಾಮಿ ಜಾತ್ರೆಗೆ ಹೋದಾಗ ಅಪ್ಪ ಅಲ್ಲಿಗೆ ಕರ್ಕೊಂಡು ಹೋಗುತ್ತಿದ್ದರು. ನಾವು ಅಮ್ಮನ ಜೊತೆ ಹಸಿರು ಪರದೆಯ ಹಿಂದೆ ಕೂರಬೇಕು. ಅಲ್ಲಿ ಫ್ಯಾನು ತಿರುಗುತ್ತಿರಲಿಲ್ಲ, ಸಪ್ಲೈಯರ್ ಕೊನೆಗೆ ಬರುತ್ತಿದ್ದ. ನಮಗೆಲ್ಲ ಮಸಾಲೆ ದೋಸೆ. ಅಮ್ಮ ಮಾತ್ರ "ನಂಗೆ ಹಸಿವಿಲ್ಲ" ಅಂತ ಅಪ್ಪನ ಕಾಫಿಯಲ್ಲಿ ಅರ್ಧ ಕುಡೀತಿದ್ದಳು. ಅಮ್ಮನಿಗೆ ನಿಜವಾಗಿಯೂ ಹಸಿವಿಲ್ಲ ಅಂತಲೇ ನಾನು ಎಷ್ಟೋ ವರ್ಷ ನಂಬಿದ್ದೆ!

ಕಾಲ ಬದಲಾಯ್ತು. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ದರ್ಶಿನಿ ಹೋಟೆಲ್ ಶುರುವಾದ ಮೇಲೆ ನಿಂತು ತಿನ್ನುವ ಪದ್ಧತಿ ಊರೂರಿಗೂ ಹರಡಿತು. ಅಲ್ಲಿ ಗಂಡಸರು, ಹೆಂಗಸರು, ಕಾಲೇಜು ಹುಡುಗಿಯರು ಎಲ್ಲರೂ ಒಂದೇ ಟೇಬಲ್ ಸುತ್ತ. ಅದು ಒಳ್ಳೆಯದೇ. ಆದರೆ ನಮ್ಮಂಥವರು ಮನೆಯಲ್ಲೂ ನಿಂತು ತಿಂದು, ಹೋಟೆಲಲ್ಲೂ ನಿಂತೇ ತಿಂದರೆ ಹೇಗೆ ಹೇಳಿ? ಅದಕ್ಕೇ ನನಗೆ ಕೂರಿಸಿ, ಕೇಳಿ, ಬಡಿಸುವ ಹಳೇ ಹೋಟೆಲುಗಳ ಮೇಲೆ ಪ್ರೀತಿ ಜಾಸ್ತಿ.

ನಮ್ಮೂರ ತಿಂಡಿ ಅಂದ್ರೆ ಸುಮ್ನೆನಾ?

ತುಮಕೂರಿನವರಿಗೆ ತಟ್ಟೆ ಇಡ್ಲಿ ಪರಿಚಯ ಮಾಡಿಸಬೇಕಿಲ್ಲ. ಸಿದ್ಧಗಂಗಾ ಮಠಕ್ಕೆ ಹೋಗುವ ದಾರಿಯ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನೋಕೆ ಬೆಂಗಳೂರಿನಿಂದಲೂ ಜನ ಬರ್ತಾರೆ. ಮೈಸೂರು ದಾರಿಯಲ್ಲಿ ಬಿಡದಿ ಹೇಗೋ, ನಮ್ಮ ಕಡೆ ಕ್ಯಾತ್ಸಂದ್ರ ಹಾಗೆ. ಇಡ್ಲಿ ಅಕ್ಕಿ, ಉದ್ದಿನಬೇಳೆ ಜೊತೆಗೆ ಸಬ್ಬಕ್ಕಿಯನ್ನೋ ಅವಲಕ್ಕಿಯನ್ನೋ ಸೇರಿಸಿ ರುಬ್ಬಿ, ರಾತ್ರಿಯಿಡೀ ಹುದುಗಿಸಿ, ಒಂದೊಂದು ತಟ್ಟೆಗೂ ಹಿಟ್ಟು ಹುಯ್ದು, ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಅಗಲ ಜಾಸ್ತಿ, ದಪ್ಪ ಕಡಿಮೆ. ಹಾಗಾಗಿ ಒಳತನಕ ಬೇಗ ಬೇಯುತ್ತೆ, ಹತ್ತಿಯ ಥರ ಮೆತ್ತಗಿರುತ್ತೆ. ಜೊತೆಗೆ ಚಟ್ನಿ. ನಮ್ಮದು ತೆಂಗಿನ ಸೀಮೆ ಅಲ್ವಾ? ಕಾಯಿಗೆ ಕೈ ಹಿಡಿತ ಮಾಡದ ಹೋಟೆಲಿನ ಚಟ್ನಿಯ ರುಚಿಯೇ ಬೇರೆ.

ಇಡ್ಲಿಯ ಕಥೆ ಕನ್ನಡದಲ್ಲಿ ಬಹಳ ಹಳೆಯದು. ಹತ್ತನೇ ಶತಮಾನದ 'ವಡ್ಡಾರಾಧನೆ'ಯಲ್ಲೇ 'ಇಡ್ಡಲಿಗೆ' ಅನ್ನುವ ತಿನಿಸಿನ ಮಾತು ಬರುತ್ತೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅದನ್ನು ಮಾಡುವ ವಿಧಾನವೂ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಿ ಮಾಡುತ್ತಿದ್ದ ಆ ಇಡ್ಲಿಯಲ್ಲಿ ಅಕ್ಕಿಯೇ ಇರಲಿಲ್ಲ! ಸಾವಿರ ವರ್ಷದಿಂದ ಇಡ್ಲಿ ಬೇಯ್ತಾ ಬಂದಿದೆ. ಬೇಯಿಸಿದವಳು ಅದನ್ನು ಬಿಸಿ ಇರುವಾಗ ತಿಂದಳಾ ಅಂತ ಮಾತ್ರ ಯಾರೂ ಬರೆದಿಟ್ಟಿಲ್ಲ.

'ಮನೇಲಿ ಅಡುಗೆ ಮಾಡೋಕೆ ಬೇಜಾರಾ?'

ಅವತ್ತು ಹೋಟೆಲಿಂದ ವಾಪಸ್ ಬರುವಾಗ ಎದುರುಮನೆಯವರು ಗೇಟಿನಲ್ಲೇ ಸಿಕ್ಕಿ, "ಏನು, ಅತ್ತೆ ಸೊಸೆ ಬೆಳಿಗ್ಗೇನೇ ಹೋಟೆಲ್ ಸವಾರೀನಾ? ಮನೇಲಿ ಅಡುಗೆ ಮಾಡೋಕೆ ಬೇಜಾರಾ?" ಅಂದರು. ಅತ್ತೆ ಮುಖ ಸಣ್ಣದಾಯ್ತು. ನಿಮಗೂ ಇಂಥ ಮಾತು ಬಂದೇ ಬರುತ್ತೆ. ಹೊರಗಿನವರು ಹೇಳದಿದ್ದರೆ ನಮ್ಮ ಮನಸ್ಸೇ ಹೇಳುತ್ತೆ: 'ಆ ದುಡ್ಡಲ್ಲಿ ಒಂದು ಕೆಜಿ ಉದ್ದಿನಬೇಳೆ ಬರ್ತಿತ್ತು', 'ಮಕ್ಕಳನ್ನು ಬಿಟ್ಟು ನಾನೊಬ್ಬಳೇ ತಿನ್ನೋದಾ?'

ಲೆಕ್ಕ ಹಾಕೋಣ ಬನ್ನಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅಂದರೆ ನಾವು ದಿನಕ್ಕೆ ಹತ್ತಿರ ಹತ್ತಿರ ಐದು ಗಂಟೆ. ವರ್ಷಪೂರ್ತಿ, ಭಾನುವಾರವೂ ರಜೆ ಇಲ್ಲದೆ. ತಿಂಗಳಿಗೆ ಒಂದೇ ಒಂದು ಬೆಳಿಗ್ಗೆ ಮುಕ್ಕಾಲು ಗಂಟೆ ನಿಮಗಾಗಿ ಇಟ್ಟುಕೊಂಡರೆ ಯಾರ ಪಾಲೂ ಕಿತ್ತುಕೊಂಡ ಹಾಗಲ್ಲ. ಹಳೇ ಹೋಟೆಲಲ್ಲಿ ತಟ್ಟೆ ಇಡ್ಲಿ, ವಡೆ, ಕಾಫಿಗೆ ಆಗುವ ಖರ್ಚು ಮಕ್ಕಳಿಗೆ ತರಿಸುವ ಒಂದು ಪಿಜ್ಜಾಕ್ಕಿಂತ ಎಷ್ಟೋ ಕಡಿಮೆ.

ದೂರ ಹೋಗಬೇಕೆನಿಸಿದರೆ ಬಸ್ ಖರ್ಚೂ ಇಲ್ಲ. 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ. ನಮ್ಮ ಬೀದಿಯ ನಾವು ನಾಲ್ಕು ಜನ ಅದನ್ನೇ ಉಪಯೋಗಿಸಿಕೊಂಡು ತಿಂಗಳ ಮೊದಲ ಶನಿವಾರ ಹೊರಡ್ತೀವಿ. ಒಂದು ಸಲ ಕ್ಯಾತ್ಸಂದ್ರ. ಮಠಕ್ಕೆ ಹೋಗಿ ಗದ್ದುಗೆ ದರ್ಶನ ಮಾಡಿ, ಬರುತ್ತಾ ತಿಂಡಿ. ಇನ್ನೊಂದು ಸಲ ಸುಮಾರು 20 ಕಿ.ಮೀ. ದೂರದ ಗುಬ್ಬಿ. ನಮ್ಮಮ್ಮನನ್ನೂ ಕರ್ಕೊಂಡು ಹೋಗಿ ಪರದೆ ಇಲ್ಲದ ಟೇಬಲಲ್ಲಿ ಕೂರಿಸಿ ಮಸಾಲೆ ದೋಸೆ ಕೊಡಿಸಿದೆ. ಪೂರ್ತಿ ತಿಂದಳು! ಮತ್ತೊಂದು ಸಲ ಕುಣಿಗಲ್ ದಾರಿಯಾಗಿ ಎಡೆಯೂರು ಸಿದ್ಧಲಿಂಗೇಶ್ವರ ಸ್ವಾಮಿ ದರ್ಶನಕ್ಕೆ ಹೊರಟು, ಕುಣಿಗಲ್‌ನಲ್ಲಿ ಇಳಿದು ಇಡ್ಲಿ ವಡೆ ತಿಂದೆವು. ಕೆರೆ ಏರಿ ಕಂಡಾಗ ಅತ್ತೆ ಚಿಕ್ಕ ಹುಡುಗಿಯ ಥರ ತಮ್ಮ ಊರಿನ ಕಥೆಗಳನ್ನೆಲ್ಲ ಹೇಳಿದರು. ಅಂದ ಹಾಗೆ, ಅವತ್ತು ಗೇಟಿನಲ್ಲಿ ನಿಂತು ಕೇಳಿದರಲ್ಲ ಎದುರುಮನೆಯವರು, ಈಗ ನಮ್ಮ ನಾಲ್ವರಲ್ಲಿ ಅವರೂ ಒಬ್ಬರು!

ಹೋಟೆಲಿನ ಪಾಠ ಮನೆಗೂ ಬರಲಿ

ತಿಂಗಳಿಗೊಂದು ದಿನ ಹೋಟೆಲಿಗೆ ಹೋದರೆ ಉಳಿದ ಇಪ್ಪತ್ತೊಂಬತ್ತು ದಿನ? ನಿಜ ಹೇಳಬೇಕೆಂದರೆ ಹೋಟೆಲಿಗೆ ಹೋಗಿ ಬಂದ ಮೇಲೆಯೇ ನಮ್ಮ ಮನೆಯ ಬೆಳಗು ಬದಲಾಗಿದ್ದು. ಹೋಟೆಲಲ್ಲಿ ನಿಯಮ ಸರಳ. ಬಂದು ಕೂತವರಿಗೆ ಬಿಸಿ ಇರುವಾಗ ಕೊಡಬೇಕು, ಅಷ್ಟೇ. ಇವರು ಗಂಡಸು, ಇವರು ಸೊಸೆ ಅಂತ ಅಲ್ಲಿ ಯಾರೂ ನೋಡಲ್ಲ. ಆ ನಿಯಮವನ್ನು ನಾವು ಮನೆಗೆ ತಂದೆವು.

ಇಡ್ಲಿಯ ಮೊದಲ ಒಬ್ಬೆ ಅತ್ತೆಗೆ. ಅವರು ತಿಂಡಿಗೆ ಕೂತ ಮೇಲೇ ಮಾತ್ರೆ ಡಬ್ಬಿ ಟೇಬಲಿಗೆ ಬರುತ್ತೆ. ಡಾಕ್ಟರನ್ನು ಕೇಳಿಯೇ ಹೀಗೆ ಹೊತ್ತು ಹೊಂದಿಸಿಕೊಂಡಿದ್ದೇವೆ. ಎರಡನೇ ಒಬ್ಬೆ ಮಕ್ಕಳಿಗೆ ಮತ್ತು ನನಗೆ, ಒಟ್ಟಿಗೇ. ಮನೆಯವರು ತಮ್ಮ ತಟ್ಟೆ ತಾವೇ ಹಾಕಿಕೊಳ್ತಾರೆ. ಮೊದಲ ವಾರ "ಚಟ್ನಿ ಎಲ್ಲಿದೆ?" ಅಂತ ಕೂಗು ಬಂತು. ನಾನು ಕೂತಲ್ಲಿಂದಲೇ "ಅಲ್ಲೇ ಇದೆ ನೋಡಿ" ಅಂದೆ. ಎದ್ದು ಓಡಲಿಲ್ಲ. ಇದು ಹೇಳಿದಷ್ಟು ಸುಲಭ ಅಲ್ಲ, ಕಾಲು ತಾನಾಗಿ ಎದ್ದುಬಿಡುತ್ತೆ! ಆದರೆ ಎರಡನೇ ವಾರ ಚಟ್ನಿ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ಮಾತು. ರಕ್ತ ಕಡಿಮೆ ಇರುವವರು ತಿಂಡಿ ಜೊತೆಗೇ ಕಾಫಿ, ಟೀ ಕುಡಿಯಬೇಡಿ. ಅವು ಆಹಾರದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ಒಂದು ಗಂಟೆಯಾದರೂ ಅಂತರ ಇರಲಿ. ನಿಂಬೆಹಣ್ಣು, ಸೀಬೆ, ನೆಲ್ಲಿಕಾಯಿಯಂಥವು ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತೆ. ಚಟ್ನಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೂ ಆಯ್ತು. ಹೋಟೆಲಿನ ದಿನ ಮಾತ್ರ ಆ ಕಾಫಿ ಬಿಡಿ ಅಂತ ನಾನು ಹೇಳಲಾರೆ. ತಿಂಗಳಿಗೊಂದು ಸಲ ತಾನೇ!

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಮನೆಯಲ್ಲಿದ್ದರೆ ತಿಂಡಿಯ ಹೊತ್ತು ತಪ್ಪಿಸಬೇಡಿ. ಇದ್ದಕ್ಕಿದ್ದಂತೆ ಬೆವರು, ನಡುಕ, ಕಣ್ಣು ಮಂಜು, ಗಲಿಬಿಲಿ ಕಂಡರೆ ಸಕ್ಕರೆ ಇಳಿದಿರಬಹುದು. ಎಚ್ಚರ ಇದ್ದರೆ ಕೂಡಲೇ ಸಕ್ಕರೆ ನೀರೋ, ಹಣ್ಣಿನ ರಸವೋ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೋಟೆಲಿಗೆ ಹೊರಡುವ ಮುನ್ನ

* ಜನ ತುಂಬಿರುವ ಹಳೇ ಹೋಟೆಲನ್ನೇ ಆರಿಸಿಕೊಳ್ಳಿ. ಬೇಗ ಬೇಗ ಖರ್ಚಾಗುವ ಕಡೆ ಇಡ್ಲಿ ಆಗಷ್ಟೇ ಬೆಂದಿರುತ್ತೆ, ಚಟ್ನಿ ಹುಳಿ ಬಂದಿರೋಲ್ಲ.

* ಎಂಟರಿಂದ ಒಂಬತ್ತು ಗಂಟೆ ನೂಕುನುಗ್ಗಲಿನ ಹೊತ್ತು. ಏಳೂವರೆಗೋ ಒಂಬತ್ತೂವರೆಗೋ ಹೋದರೆ ಕೂರೋಕೆ ಜಾಗ ಸಿಗುತ್ತೆ. ಮಾತ್ರೆ ತಗೊಳ್ಳುವವರು ಜೊತೆಗಿದ್ದರೆ ಏಳೂವರೆಯೇ ಸರಿ.

* ಇಡ್ಲಿ ತಟ್ಟೆಗೆ ಬಟ್ಟೆ ಹಾಕ್ತಾರೋ ಪ್ಲಾಸ್ಟಿಕ್ ಹಾಳೆ ಹಾಕ್ತಾರೋ ಕೇಳಿ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ ಸುಮಾರು 250 ಕಡೆಗಳಲ್ಲಿ 50ಕ್ಕೂ ಹೆಚ್ಚು ಕಡೆ ಪ್ಲಾಸ್ಟಿಕ್ ಬಳಕೆ ಕಂಡುಬಂದು, ಸರ್ಕಾರ ಅದನ್ನು ನಿಷೇಧಿಸಿತು. ಕೇಳೋಕೆ ಸಂಕೋಚ ಬೇಡ, ತಿನ್ನುವವರು ನೀವು.

* ಪಾರ್ಸೆಲ್ ತರುವುದಾದರೆ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ. ಬಿಸಿ ತಿಂಡಿಯನ್ನು ಪ್ಲಾಸ್ಟಿಕ್ಕಿನಲ್ಲೋ ನ್ಯೂಸ್ ಪೇಪರಿನಲ್ಲೋ ಕಟ್ಟಿಸಬೇಡಿ, ಬಾಳೆಎಲೆ ಇದ್ದರೆ ಅದರಲ್ಲಿ ಕಟ್ಟಿಕೊಡಿ ಅನ್ನಿ.

* ಕಾಯಿಸಿ ಆರಿಸಿದ ನೀರು ಮನೆಯಿಂದಲೇ ಬಾಟಲಿಯಲ್ಲಿರಲಿ.

* ಸಕ್ಕರೆ ಕಾಯಿಲೆಯವರಿಗೆ ಒಂದು ತಟ್ಟೆ ಇಡ್ಲಿ ಸಾಕು. ಕೇಸರಿಬಾತ್ ಬೇಡ. ಸಕ್ಕರೆ ಹಾಕದ ಕಾಫಿ ಅಂತ ಮೊದಲೇ ಹೇಳಿ.

* ಮನೆಯಲ್ಲಿ ಹಿಂದಿನ ರಾತ್ರಿಯೇ 'ನಾಳೆ ನಾನು ಹೊರಗೆ ತಿಂಡಿ' ಅಂತ ಹೇಳಿಬಿಡಿ. ಹಿಟ್ಟು ಫ್ರಿಜ್‌ನಲ್ಲಿದೆ, ಒಲೆ ಹಚ್ಚೋಕೆ ಎಲ್ಲರಿಗೂ ಬರುತ್ತೆ.

ಅತ್ತೆಗೆ ಈಗ ಹಿಮೋಗ್ಲೋಬಿನ್ ಮೇಲೆ ಬಂದಿದೆ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಅದಕ್ಕೆ ಕಾರಣ, ಹೊತ್ತಿಗೆ ಸರಿಯಾದ ತಿಂಡಿಯೂ ಜೊತೆಗಿದೆ. ಆಮೇಲೆ ಯಾವತ್ತೂ ತಲೆ ಸುತ್ತಿಲ್ಲ.

ಮಾವನವರ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತೆ. ಅವತ್ತು ಪೇಪರ್ ಇಳಿಸಿ ಸುಮ್ಮನೆ ನೋಡಿದರಲ್ಲ, ಅವರೇ. ಕಳೆದ ತಿಂಗಳು ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಮಾವನವರು ತಟ್ಟೆ ಮುಂದೆ ಕೂತಿದ್ದರು, ಕೈ ಹಾಕಿರಲಿಲ್ಲ. ಒಳಗೆ ತಿರುಗಿ ಅತ್ತೆಯನ್ನು ಕೇಳ್ತಾ ಇದ್ದರು: "ನಿಂದಾಯ್ತೇನೆ?"

ನಲವತ್ತೈದು ವರ್ಷದಲ್ಲಿ ಮೊದಲ ಸಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೂಂ, ನಂದು ಮೊದ್ಲೇ ಆಯ್ತು" ಅಂದರು.

ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾರಾದರೂ ನಿಮ್ಮನ್ನು ಹೀಗೆ ಕೇಳ್ತಾರಾ? ಕೇಳದಿದ್ದರೆ ಬೇಸರ ಬೇಡ. ಈ ಶನಿವಾರ ಅತ್ತೆಯನ್ನೋ, ಅಮ್ಮನನ್ನೋ, ಪಕ್ಕದ ಮನೆ ಅಕ್ಕನನ್ನೋ ಜೊತೆ ಮಾಡಿಕೊಂಡು ಹೊರಡಿ. ಊರಿನ ಯಾವುದಾದರೂ ಹಳೇ ಹೋಟೆಲಿನ ಸಪ್ಲೈಯರ್ ನಿಮ್ಮ ಮುಂದೆ ನಿಂತು "ಅಮ್ಮಾ, ಏನ್ ಕೊಡ್ಲಿ?" ಅಂತ ಕೇಳಿಯೇ ಕೇಳ್ತಾನೆ. ಏನು ಬೇಕು ಅಂತ ಈಗಲೇ ಯೋಚನೆ ಮಾಡಿಟ್ಟುಕೊಳ್ಳಿ.

ಏನಂತೀರಾ?